ತೊಟ್ಟಿಲಿನ ಸೀಟಿಗೆ ದುಂಬಾಲು ಬೀಳುವ ಮೊದಲು

"ಅಕ್ಕ, ನಮಗೆ ಹೇಗಾದರೂ ಮಾಡಿ ತೊಟ್ಟಿಲಿನ ಸೀಟು ಕೊಡಿಸಬೇಕು."

ಉಡುಪಿಯ ನಮ್ಮ ಟಿಕೆಟ್ ಆಫೀಸಿನಲ್ಲಿ ಹದಿನೇಳು ವರ್ಷದಿಂದ ಕೂತಿದ್ದೇನೆ. ಈ ಮಾತು ಕೇಳದ ಸೀಸನ್ನೇ ಇಲ್ಲ. ಮೊದಲ ಸಲ ಅಮೆರಿಕಕ್ಕೆ ಹೊರಟವರು, ರಜೆಗೆ ಬಂದು ಕೃಷ್ಣ ಮಠದಲ್ಲಿ ಮಗುವಿನ ತುಲಾಭಾರ ಮುಗಿಸಿ ವಾಪಸ್ ಹೊರಟವರು, ಎಲ್ಲರ ಬಾಯಲ್ಲೂ ಅದೇ. ಬ್ಯಾಸಿನೆಟ್ ಅನ್ನುವ ಹೆಸರು ಗೊತ್ತಿದ್ದವರು ಹಾಗೆ ಕೇಳುತ್ತಾರೆ, ಉಳಿದವರು ತೊಟ್ಟಿಲು ಅನ್ನುತ್ತಾರೆ. ಎರಡೂ ಒಂದೇ: ಮುಂದೆ ಗೋಡೆ ಇರುವ ಸಾಲಿನಲ್ಲಿ, ಆ ಗೋಡೆಗೆ ಸಿಕ್ಕಿಸುವ ಕೂಸಿನ ಹಾಸಿಗೆ.

ಇತ್ತೀಚೆಗೆ ಒಂದು ದಂಪತಿ ಬಂದಿದ್ದರು. ಗಂಡನಿಗೆ ಚಿಕಾಗೊದಲ್ಲಿ ಎರಡು ವರ್ಷದ ಕೆಲಸ. ಬೆಂಗಳೂರಿನಿಂದ ದುಬೈ, ಅಲ್ಲಿಂದ ಚಿಕಾಗೊ. ಎರಡನೆಯ ಫ್ಲೈಟೇ ಹದಿನಾಲ್ಕು ಗಂಟೆ ದಾಟುತ್ತದೆ. "ಮಗುವಿಗೆ ಎಷ್ಟು ತಿಂಗಳು?" ಅಂತ ಕೇಳಿದೆ. ಇಪ್ಪತ್ತು ಅಂದರು. ಆ ಮಗು ಅಷ್ಟರಲ್ಲಿ ಕುರ್ಚಿ ಹತ್ತಿ, ಕುರ್ಚಿಯಿಂದ ಟೇಬಲ್ ಹತ್ತಿ, ನನ್ನ ಸ್ಟೇಪ್ಲರಿಗೆ ಕೈ ಹಾಕಿತ್ತು. "ಇವನನ್ನು ತೊಟ್ಟಿಲಲ್ಲಿ ಮಲಗಿಸ್ತೀರಾ?" ಅಂದೆ. ಜೊತೆಗೆ ಬಂದಿದ್ದ ಅಜ್ಜಿ ನಕ್ಕುಬಿಟ್ಟರು. "ಮನೆಯ ತೊಟ್ಟಿಲಲ್ಲೇ ಮಲಗದೆ ಆರು ತಿಂಗಳಾಯ್ತು ಮಾರಾಯ್ತಿ!"

ವಿಷಯ ಇರುವುದೇ ಇಲ್ಲಿ. ವಿಮಾನದ ತೊಟ್ಟಿಲು ಕೈಗೂಸಿಗೆ ಮಾಡಿದ್ದು. ತೂಕದ ಮಿತಿ ಕಂಪನಿಯಿಂದ ಕಂಪನಿಗೆ ಬೇರೆ. ಕೆಲವರದ್ದು 10-11 ಕಿಲೋಗೇ ಮುಗಿಯುತ್ತದೆ, ಕೆಲವರು 14 ಕಿಲೋವರೆಗೂ ಬಿಡುತ್ತಾರೆ. ಆದರೆ ತೂಕಕ್ಕಿಂತ ಮೊದಲು ಕೈಕೊಡುವುದು ಉದ್ದ. ಇಪ್ಪತ್ತು ತಿಂಗಳಿನ ಮಗು ಸಾಮಾನ್ಯವಾಗಿ 80 ಸೆಂಟಿಮೀಟರ್ ದಾಟಿರುತ್ತದೆ. ಎಷ್ಟೋ ತೊಟ್ಟಿಲು ಅಷ್ಟು ಉದ್ದವೇ ಇಲ್ಲ. ಕಾಲು ಮಡಚಿ ಹೇಗೋ ಮಲಗಿಸಿದರೂ, ವಿಮಾನ ಸ್ವಲ್ಪ ಅಲುಗಾಡಿ ಸೀಟ್ ಬೆಲ್ಟಿನ ದೀಪ ಹತ್ತಿತೋ, ಮಗುವನ್ನು ಎತ್ತಿಕೊಳ್ಳಲೇಬೇಕು. ಎರಡು ತಾಸು ತಟ್ಟಿ ಮಲಗಿಸಿದ ಮಗುವನ್ನು ಹಾಗೆ ಎತ್ತುವ ಸಂಕಟ ಅನುಭವಿಸಿದವರಿಗೇ ಗೊತ್ತು.

ನಾನೂ ಇದನ್ನು ಕಲಿತದ್ದು ತಪ್ಪು ಮಾಡಿಯೇ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಕಾಪು ಕಡೆಯ ಒಂದು ಕುಟುಂಬಕ್ಕಾಗಿ ವಿಮಾನ ಕಂಪನಿಗೆ ಮೂರು ಸಲ ಫೋನ್ ಮಾಡಿ, ಕಾಡಿಬೇಡಿ ತೊಟ್ಟಿಲಿನ ಸಾಲು ಕೊಡಿಸಿದ್ದೆ. ದೊಡ್ಡ ಸಾಧನೆ ಮಾಡಿದ ಹಾಗೆ ಬೀಗಿದ್ದೆ. ಆರು ತಿಂಗಳು ಬಿಟ್ಟು ಆ ತಾಯಿ ಊರಿಗೆ ಬಂದಾಗ ಆಫೀಸಿಗೆ ಬಂದು ಹೇಳಿದರು: ಮಗು ತೊಟ್ಟಿಲಲ್ಲಿ ಹಿಡಿಯಲಿಲ್ಲ. ಪಕ್ಕದ ಸೀಟು ಖಾಲಿ ಇತ್ತು, ಆದರೂ ಮಗುವನ್ನು ಅಡ್ಡ ಮಲಗಿಸಲು ಆಗಲಿಲ್ಲ, ನಡುವಿನ ಕೈ ಇಡುವ ಹಿಡಿ, ಅಂದರೆ ಆರ್ಮ್‌ರೆಸ್ಟ್, ಮೇಲಕ್ಕೇ ಏಳುವುದಿಲ್ಲ. "ಖಾಲಿ ಸೀಟು ನೋಡಿಕೊಂಡೇ ರಾತ್ರಿಯಿಡೀ ಮಡಿಲಲ್ಲಿ ಹಿಡಿದುಕೊಂಡೆ" ಅಂದರು. ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಆರ್ಮ್‌ರೆಸ್ಟ್ ಯಾಕೆ ಏಳುವುದಿಲ್ಲ ಅಂದರೆ, ಆ ಸಾಲಿನ ಮುಂದೆ ಗೋಡೆ, ಎದುರು ಸೀಟಿಲ್ಲ. ಊಟದ ಟ್ರೇಯನ್ನು ಎಲ್ಲಿ ಇಡುವುದು? ಆರ್ಮ್‌ರೆಸ್ಟಿನ ಹೊಟ್ಟೆಯೊಳಗೇ ಮಡಚಿ ಇಟ್ಟಿರುತ್ತಾರೆ. ಕೆಲವು ವಿಮಾನದಲ್ಲಿ ಟಿವಿಯೂ ಅಲ್ಲೇ. ಅದಕ್ಕೇ ಅದು ದಪ್ಪ, ಗಟ್ಟಿ, ಕದಲುವುದಿಲ್ಲ. ಮುಂದೆ ಸೀಟಿಲ್ಲದ ಕಾರಣ ಕೆಳಗೆ ಬ್ಯಾಗ್ ಇಡಲೂ ಜಾಗ ಇಲ್ಲ. ಡೈಪರು, ಒರೆಸುವ ಬಟ್ಟೆ, ರಾಗಿ ಮಣ್ಣಿಯ ಡಬ್ಬಿ, ಎಲ್ಲವೂ ಟೇಕಾಫ್ ಮತ್ತು ಲ್ಯಾಂಡಿಂಗ್ ಹೊತ್ತಿಗೆ ತಲೆಯ ಮೇಲಿನ ಗೂಡಿಗೆ. ಮಗು ಅಳುವುದು ಸರಿಯಾಗಿ ಅದೇ ಹೊತ್ತಿಗೆ.

ಹಾಗಂತ ಆ ಸಾಲು ಯಾರಿಗೂ ಬೇಡ ಅಂತಲ್ಲ. ಆರೆಂಟು ತಿಂಗಳ ಕೂಸಿಗೆ ಅದೇ ಒಳ್ಳೆಯದು, ಕಣ್ಣು ಮುಚ್ಚಿ ತೆಗೆದುಕೊಳ್ಳಿ. ದೊಡ್ಡ ಮಗುವಿಗೂ ಹಗಲು ಹೊತ್ತಿನ ಫ್ಲೈಟಿನಲ್ಲಿ ಅನುಕೂಲ ಉಂಟು. ಎದುರು ನಿಂತು ಆಡಲು ಒಂದಿಷ್ಟು ನೆಲ ಸಿಗುತ್ತದೆ, ಮುಂದಿನವರ ಸೀಟಿಗೆ ಒದೆಯುವ ರಗಳೆಯೂ ಇಲ್ಲ. ನನ್ನ ತಕರಾರು ರಾತ್ರಿಯ ಫ್ಲೈಟಿಗೆ ಮಾತ್ರ. ಅಲ್ಲಿ ಕೂತವರೆಲ್ಲ ಮಕ್ಕಳೊಂದಿಗರೇ. ನಿಮ್ಮ ಮಗು ಮಲಗಿದ ಕೂಡಲೇ ಪಕ್ಕದ ಮಗು ಎದ್ದು ರಾಗ ತೆಗೆಯುತ್ತದೆ.

ಹಾಗಾದರೆ ನಡೆಯಲು ಕಲಿತ ಮಗುವಿಗೆ ಯಾವ ಸೀಟು? ನಾನು ಬಂದವರನ್ನು ಒಂದೇ ಕೇಳುತ್ತೇನೆ: ಮನೆಯಲ್ಲಿ ಹೇಗೆ ಮಲಗುತ್ತೀರಿ? ಎಲ್ಲರ ಉತ್ತರವೂ ಒಂದೇ. ಗೋಡೆ ಬದಿಗೆ ಮಗು, ನಡುವೆ ಅಮ್ಮ, ಹೊರಗೆ ಅಪ್ಪ. ವಿಮಾನದಲ್ಲೂ ಅದೇ ಲೆಕ್ಕ. ಕಿಟಕಿಗೆ ಮಗು, ನಡುವೆ ಒಬ್ಬರು, ಓಣಿಯ ಬದಿಗೆ ಇನ್ನೊಬ್ಬರು. ಮೂರು ಸೀಟಿನ ಸಾಲು ಪೂರ್ತಿ ನಿಮ್ಮದು. ಎರಡು ಆರ್ಮ್‌ರೆಸ್ಟ್ ಮೇಲಕ್ಕೆತ್ತಿದರೆ ಒಂದು ಸಣ್ಣ ಚಾಪೆಯಷ್ಟು ಜಾಗ. ಮಗುವಿನ ತಲೆ ನಿಮ್ಮ ಮಡಿಲಲ್ಲಿ, ಕಾಲು ಕಿಟಕಿಯ ಗೋಡೆಗೆ. ಓಡಿಹೋಗಲು ದಾರಿ ಇಲ್ಲ, ದಾಟಿ ಹೋಗುವ ಅಪರಿಚಿತರೂ ಇಲ್ಲ.

ಓಣಿಯ ಬದಿಗೆ ಮಗುವನ್ನು ಕೂರಿಸಲೇಬೇಡಿ. ಊಟದ ಟ್ರಾಲಿ ಭಾರವಾದ ಕಬ್ಬಿಣದ ಪೆಟ್ಟಿಗೆ ಇದ್ದ ಹಾಗೆ. ಅದನ್ನು ಹಿಂದಿನಿಂದ ದೂಡುವವರಿಗೆ ಹೊರಗೆ ಚಾಚಿದ ಪುಟ್ಟ ಕೈ ಕಾಣುವುದಿಲ್ಲ. ಬಿಸಿ ಚಹಾ ಕೈಯಿಂದ ಕೈಗೆ ದಾಟುವುದೂ ಆ ಸೀಟಿನ ಮೇಲಿಂದಲೇ.

ಆದರೆ ಮೂರು ಸೀಟಿನ ಈ ಲೆಕ್ಕ ನಡೆಯುವುದು ಮಗುವಿಗೂ ಟಿಕೆಟ್ ಇದ್ದರೆ. ಎರಡು ವರ್ಷ ತುಂಬದ ಮಗುವಿಗೆ ಇನ್‌ಫ್ಯಾಂಟ್ ಟಿಕೆಟ್, ಅಂತರರಾಷ್ಟ್ರೀಯ ಫ್ಲೈಟಿಗೆ ಸಾಮಾನ್ಯವಾಗಿ ದೊಡ್ಡವರ ದರದ ಹತ್ತರಲ್ಲಿ ಒಂದು ಪಾಲು. ಅದಕ್ಕೆ ಸೀಟಿಲ್ಲ, ಮಡಿಲು ಮಾತ್ರ. ಇಂಥವರಿಗೆ ನಾನು ಹಾಕುವ ಒಂದು ಉಪಾಯ ಉಂಟು. ಮೂರರ ಸಾಲಿನಲ್ಲಿ ಕಿಟಕಿ ಒಬ್ಬರಿಗೆ, ಓಣಿ ಬದಿ ಒಬ್ಬರಿಗೆ. ನಡುವಿನದ್ದು ಸುಮ್ನೆ ಬಿಡುವುದು. ಅದೂ ವಿಮಾನದ ಹಿಂಭಾಗದಲ್ಲಿ. ಇಬ್ಬರ ನಡುವೆ ಸಿಕ್ಕಿಕೊಳ್ಳುವ ಸೀಟನ್ನು ಆರಿಸಿಕೊಳ್ಳುವವರು ಕಡಿಮೆ. ವಿಮಾನ ತುಂಬದಿದ್ದರೆ ಅದು ಖಾಲಿ ಉಳಿಯುತ್ತದೆ, ಮಗುವಿಗೆ ಪುಕ್ಕಟೆ ಹಾಸಿಗೆ. ಯಾರಾದರೂ ಬಂದೇಬಿಟ್ಟರೆ, ಕಿಟಕಿಯೋ ಓಣಿಯೋ ಅವರಿಗೆ ಬೇಕಾದ್ದನ್ನು ಕೊಟ್ಟು ನೀವು ಒಟ್ಟಿಗೆ ಕೂರಬಹುದು. ಬೇಡ ಅಂದವರನ್ನು ನಾನಂತೂ ಕೇಳಿಲ್ಲ.

ಬೋಯಿಂಗ್ 777 ಅನ್ನುವ ದೊಡ್ಡ ವಿಮಾನದಲ್ಲಿ ಒಂದು ಸಾಲಿಗೆ ಹೆಚ್ಚಾಗಿ ಮೂರು-ನಾಲ್ಕು-ಮೂರು ಸೀಟು. ನಡುವಿನ ನಾಲ್ಕರ ಸಾಲು ಡಿ, ಇ, ಎಫ್, ಜಿ. ಮಗುವಿಗೆ ಟಿಕೆಟ್ ಇರುವ ಮೂವರಾದರೆ ಡಿ, ಎಫ್, ಜಿ ತೆಗೆದುಕೊಂಡು ಇ ಬಿಡಿ. ಅದೂ ಖಾಲಿ ಉಳಿದರೆ ನಾಲ್ಕು ಸೀಟೂ ನಿಮ್ಮದೇ. ಕಿಟಕಿಯ ಗೋಡೆ ಸಿಗುವುದಿಲ್ಲ, ಆದರೆ ಎರಡೂ ಬದಿಗೆ ಅಪ್ಪ ಅಮ್ಮ ಕಾವಲು. ಹಾಗಂತ ಈ ಉಪಾಯವನ್ನು ಡಿಸೆಂಬರ್ ಕೊನೆಗೆ, ಮೇ-ಜೂನಿನಲ್ಲಿ ನಂಬಿ ಕೂರಬೇಡಿ. ಆಗ ಒಂದು ಸೀಟೂ ಖಾಲಿ ಹಾರುವುದಿಲ್ಲ. ಹದಿನೈದು ತಿಂಗಳು ದಾಟಿದ ಮಗು, ಹನ್ನೆರಡು ಗಂಟೆಗಿಂತ ಜಾಸ್ತಿಯ ಫ್ಲೈಟು, ಕೈಯಲ್ಲಿ ಸ್ವಲ್ಪ ದುಡ್ಡು, ಈ ಮೂರೂ ಇದ್ದರೆ ಮಗುವಿಗೆ ಸೀಟೇ ತೆಗೆದುಬಿಡಿ ಅನ್ನುತ್ತೇನೆ. ಕಮಿಷನ್ ಆಸೆಗೆ ಹೇಳುತ್ತಾಳೆ ಅಂತ ಅಂದುಕೊಳ್ಳುವವರು ಅಂದುಕೊಳ್ಳಲಿ.

ಇದರಲ್ಲೂ ಒಂದು ಗಂಟು ಉಂಟು. ಎರಡು ವರ್ಷದ ಒಳಗಿನ ಮಗುವಿಗೆ ಸೀಟು ತೆಗೆದರೂ, ಮಕ್ಕಳನ್ನು ಕಾರಿನಲ್ಲಿ ಕಟ್ಟಿ ಕೂರಿಸುವ ಕಾರ್ ಸೀಟ್ ಇಲ್ಲದಿದ್ದರೆ ಟೇಕಾಫ್ ಮತ್ತು ಲ್ಯಾಂಡಿಂಗಿಗೆ ಮಡಿಲಲ್ಲೇ ಕೂರಿಸಬೇಕು ಅನ್ನುವ ಕಂಪನಿಗಳು ಇವೆ. ಮೊದಲೇ ಕೇಳಿ. ಕಾರ್ ಸೀಟ್ ತರುವುದಾದರೆ ವಿಮಾನಕ್ಕೂ ಆಗುತ್ತದೆ ಅಂತ ಅದರ ಮೇಲೆ ಚೀಟಿ ಇರಬೇಕು. ಹೆಚ್ಚಾಗಿ ಕಿಟಕಿ ಬದಿಗೇ ಇಡಲು ಹೇಳುತ್ತಾರೆ, ಅವಸರದಲ್ಲಿ ಹೊರಗೆ ಬರುವವರಿಗೆ ಅಡ್ಡ ಆಗಬಾರದು ಅಂತ. ಅದನ್ನು ಹೊತ್ತುಕೊಂಡು ದುಬೈಯ ಟರ್ಮಿನಲ್ ಉದ್ದಕ್ಕೂ ನಡೆಯುವುದು ಬೇಡ ಅನ್ನುವವರಿಗೆ ಕೇರ್ಸ್ ಅನ್ನುವ ಒಂದು ಪಟ್ಟಿ ಸಿಗುತ್ತದೆ. ಸೀಟಿನ ಬೆನ್ನಿಗೆ ಸುತ್ತಿ, ಮಗುವಿನ ಎರಡೂ ಹೆಗಲ ಮೇಲಿಂದ ಹಾಕುವುದು. ಅಮೆರಿಕದ ವಿಮಾನಯಾನ ಇಲಾಖೆ ಒಪ್ಪಿದ್ದು. 10ರಿಂದ 20 ಕಿಲೋ ತೂಗುವ ಮಕ್ಕಳಿಗೆ. ಕೈಚೀಲದಲ್ಲಿ ಹಿಡಿಯುತ್ತದೆ. ಮಡಿಲಲ್ಲಿ ಕೂತ ಮಗುವಿಗೆ ನಿಮ್ಮ ಬೆಲ್ಟಿಗೆ ಸಿಕ್ಕಿಸುವ ಇನ್ನೊಂದು ಸಣ್ಣ ಬೆಲ್ಟ್ ಕೊಡುವುದು ಇಲ್ಲಿನ ಮತ್ತು ಯುರೋಪಿನ ಕಡೆಯ ಕ್ರಮ. ಅಮೆರಿಕದ ಕಂಪನಿಗಳು ಅದನ್ನು ಕೊಡುವುದಿಲ್ಲ, ಅಲ್ಲಿನ ನಿಯಮಕ್ಕೆ ಒಪ್ಪಿಗೆ ಇಲ್ಲ.

ಎರಡನೇ ಬರ್ತ್‌ಡೇ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹೋಗುವಾಗ ಮಗುವಿಗೆ 23 ತಿಂಗಳು, ಬರುವಾಗ 25 ಆದರೆ, ಹೋಗುವುದಕ್ಕೆ ಮಡಿಲು, ಬರುವುದಕ್ಕೆ ಸೀಟು. ಟಿಕೆಟ್ ಮಾಡಿದ ದಿನದ ವಯಸ್ಸು ಲೆಕ್ಕಕ್ಕಿಲ್ಲ, ಹಾರುವ ದಿನದ್ದೇ ಲೆಕ್ಕ. ಆನ್‌ಲೈನಿನಲ್ಲಿ ತಾವೇ ಟಿಕೆಟ್ ಮಾಡಿದ ಎಷ್ಟೋ ಜನ ಇದನ್ನು ಮರೆತು, ವಾಪಸ್ ಬರುವ ದಿನ ಕೌಂಟರಿನಲ್ಲಿ ದುಬಾರಿ ದರಕ್ಕೆ ಸೀಟು ಕೊಂಡಿದ್ದಾರೆ. ಅದೂ ಸೀಟು ಉಳಿದಿದ್ದರೆ.

ತಾಯಿ ಒಬ್ಬಳೇ ಮಗುವಿನೊಂದಿಗೆ ಹೋಗುವುದು ನಮ್ಮಲ್ಲಿ ತುಂಬಾ ಸಾಮಾನ್ಯ. ಗಂಡನಿಗೆ ಹದಿನೈದು ದಿನ ರಜೆ. ಹೆಂಡತಿ ಮಗು ಎರಡು ತಿಂಗಳು ತವರಿನಲ್ಲಿ ಇದ್ದು ಆಮೇಲೆ ಹೊರಡುತ್ತಾರೆ. ಇವರಿಗೆ ನಾನು ಹುಡುಕುವುದು ಏರ್‌ಬಸ್ ಎ330 ವಿಮಾನ. ಅದರಲ್ಲಿ ಎರಡು-ನಾಲ್ಕು-ಎರಡು. ಕಿಟಕಿ ಬದಿಯ ಎರಡರ ಸೀಟು ಸಿಕ್ಕಿದರೆ ಮಗು ಒಳಗೆ, ತಾಯಿ ಹೊರಗೆ. ಮೂರನೆಯವರೇ ಇಲ್ಲ. ಎದೆಹಾಲು ಕುಡಿಸುವಾಗ ಸಂಕೋಚ ಇಲ್ಲ, ಶೌಚಾಲಯಕ್ಕೆ ಹೋಗಲು ಯಾರನ್ನೂ ಎಬ್ಬಿಸಬೇಕಾಗಿಲ್ಲ. ಇದಕ್ಕಾಗಿ ಎರಡು ಗಂಟೆ ಜಾಸ್ತಿ ಕಾಯುವ ದಾರಿಯಾದರೂ ಪರವಾಗಿಲ್ಲ ಅನ್ನುತ್ತೇನೆ. 787, ಎ350 ಆದರೆ ಮಾಮೂಲಾಗಿ ಮೂರು-ಮೂರು-ಮೂರು. ಮೂವರ ಕುಟುಂಬಕ್ಕೆ ಅಳತೆ ಹಿಡಿದು ಮಾಡಿದ ಹಾಗೆ.

ಶೌಚಾಲಯದ ಹತ್ತಿರ ಕೂರಿಸಿ ಅನ್ನುವವರಿಗೆ ನಾನು ಬೇಡ ಅನ್ನುತ್ತೇನೆ. ಫ್ಲಶ್ ಮಾಡಿದಾಗ ಬರುವ ಆ ಬುಸ್ ಸದ್ದಿಗೆ ದೊಡ್ಡವರೇ ಬೆಚ್ಚಿಬೀಳುತ್ತಾರೆ. ಬಾಗಿಲು ತೆಗೆದಾಗಲೆಲ್ಲ ಕಣ್ಣಿಗೆ ಬೆಳಕು, ತಲೆಯ ಹತ್ತಿರ ಕ್ಯೂ. ಐದಾರು ಸಾಲು ದೂರ ಸಾಕು. ಡೈಪರ್ ಬದಲಿಸುವ ಮಡಚು ಹಲಗೆ ಎಲ್ಲ ಶೌಚಾಲಯದಲ್ಲೂ ಇರುವುದಿಲ್ಲ, ಹತ್ತಿದ ಕೂಡಲೇ ಯಾವುದರಲ್ಲಿ ಉಂಟು ಅಂತ ಕೇಳಿಟ್ಟುಕೊಳ್ಳಿ. ತೀರಾ ಕೊನೆಯ ಸಾಲು, ತುರ್ತು ಬಾಗಿಲಿನ ಮುಂದಿನ ಸಾಲು, ಇವುಗಳ ಬೆನ್ನು ಹಿಂದಕ್ಕೆ ಬಾಗದೇ ಇರಬಹುದು. ತುರ್ತು ಬಾಗಿಲಿನ ಸಾಲಿನಲ್ಲೇ ಕಾಲು ಚಾಚಲು ಜಾಗ ಜಾಸ್ತಿ, ಆದರೆ ಮಕ್ಕಳೊಂದಿಗರಿಗೆ ಅದನ್ನು ಕೊಡುವುದೇ ಇಲ್ಲ.

ಇನ್ನು, ಕೆಲವೊಮ್ಮೆ ಕಂಪನಿಯವರೇ ಸೀಟು ಬದಲಿಸುತ್ತಾರೆ. ಜನ ನಮ್ಮ ಮೇಲೆ ಹರಿಹಾಯುತ್ತಾರೆ. ಎಲ್ಲ ಸಲವೂ ಅದು ಅನ್ಯಾಯ ಅಲ್ಲ. ಕುಂದಾಪುರದ ಅಕ್ಕ ತಂಗಿ ಇಬ್ಬರು, ಇಬ್ಬರ ಮಡಿಲಲ್ಲೂ ಒಂದೊಂದು ಕೂಸು, ಒಂದೇ ಸಾಲು ಕೇಳಿ ತೆಗೆದುಕೊಂಡಿದ್ದರು. ಕೌಂಟರಿನಲ್ಲಿ ಬೇರೆ ಮಾಡಿದರು. ಕಾರಣ ತಲೆಯ ಮೇಲಿನ ಆಕ್ಸಿಜನ್ ಮಾಸ್ಕ್. ಮೂರು ಸೀಟಿನ ಮೇಲೆ ಸಾಮಾನ್ಯವಾಗಿ ನಾಲ್ಕು ಮಾಸ್ಕ್ ಇರುತ್ತದೆ. ಸೀಟಿಗೆ ಒಂದೊಂದು, ಮಡಿಲ ಮಗುವಿಗೆ ಒಂದು. ಎರಡು ಮಡಿಲ ಮಕ್ಕಳಾದರೆ ಒಂದಕ್ಕೆ ಇಲ್ಲ. ಓಣಿಯ ಆ ಬದಿಗೊಬ್ಬರು ಈ ಬದಿಗೊಬ್ಬರು ಕೂತರೆ ಮುಗಿಯಿತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಇದನ್ನು ನಾನೇ ಮೊದಲು ನೋಡಿ ಹೇಳಬೇಕಿತ್ತು.

ಈಗ ಟಿಕೆಟ್ ಆದ ಮೇಲಿನ ಕೆಲಸ. ತೊಟ್ಟಿಲು ಬೇಕಾದವರಿಗೆ ನಾವು ಸಿಸ್ಟಮಿನಲ್ಲಿ ಬಿಎಸ್‌ಸಿಟಿ ಅಂತ ಒಂದು ಕೋರಿಕೆ ಹಾಕುತ್ತೇವೆ. ಅದರ ಮುಂದೆ ಎಚ್‌ಎನ್ ಅಂತ ಬಂದರೆ ಕೇಳಿದ್ದೇವೆ ಅಂತ ಅರ್ಥ, ಎಚ್‌ಕೆ ಬಂದರೆ ಕೊಟ್ಟಿದ್ದಾರೆ ಅಂತ. ನಡುವಿನ ವ್ಯತ್ಯಾಸ ಆಕಾಶ ಭೂಮಿಯಷ್ಟು. "ಹಾಕಿದ್ದೇವೆ ಸಾರ್" ಅಂತ ಏಜೆಂಟ್ ಹೇಳಿದರೆ ಅಲ್ಲಿಗೇ ಬಿಡಬೇಡಿ, ಸ್ಕ್ರೀನ್ ತಿರುಗಿಸಿ ತೋರಿಸಿ ಅನ್ನಿ. ನನ್ನ ಸ್ಕ್ರೀನನ್ನೂ ತಿರುಗಿಸಿದವರಿದ್ದಾರೆ, ಬೇಸರವಿಲ್ಲ.

ಒಂದು ಕಂಪನಿಯ ಹೆಸರಿನಲ್ಲಿ ಟಿಕೆಟ್, ಹಾರಿಸುವುದು ಇನ್ನೊಂದು ಕಂಪನಿ, ಇಂಥದ್ದೂ ಜಾಸ್ತಿ. ಆಗ ನಿಮ್ಮ ಕೈಲಿರುವ ಪಿಎನ್‌ಆರ್ ಬೇರೆ, ಹಾರಿಸುವವರ ಪಿಎನ್‌ಆರ್ ಬೇರೆ. ಮೊದಲನೆಯವರ ಆ್ಯಪಿನಲ್ಲಿ ಆರಿಸಿದ ಸೀಟು ಎರಡನೆಯವರಿಗೆ ತಲುಪದೇ ಹೋಗಬಹುದು. ಹಾರಿಸುವವರ ಪಿಎನ್‌ಆರ್ ಕೇಳಿ ಪಡೆದು, ಅವರಲ್ಲೇ ಸೀಟು ನೋಡಿ.

ಸೀಟ್ ಮ್ಯಾಪ್ ನೋಡಿ ಗಾಬರಿ ಆಗುವವರಿಗೆ ಒಂದು ಮಾತು. ಕತ್ತರಿ ಗುರುತು ಇರುವ ಸೀಟೆಲ್ಲ ಮಾರಿಹೋಗಿದೆ ಅಂತಲ್ಲ. ಕೆಲವನ್ನು ಕಂಪನಿಯೇ ಹಿಡಿದಿಟ್ಟಿರುತ್ತದೆ, ಚೆಕ್-ಇನ್ ಶುರುವಾದಾಗ ಬಿಡುತ್ತದೆ. ವೆಬ್ ಚೆಕ್-ಇನ್ ಸಾಮಾನ್ಯವಾಗಿ 24 ಅಥವಾ 48 ಗಂಟೆ ಮೊದಲು ತೆರೆಯುತ್ತದೆ. ಅಲಾರಂ ಇಟ್ಟು ಆ ನಿಮಿಷಕ್ಕೆ ಕೂತರೆ ಒಳ್ಳೆಯ ಸಾಲು ಸಿಗುವುದು ನಾನು ಎಷ್ಟೋ ಸಲ ನೋಡಿದ್ದೇನೆ. ಮೊದಲೇ ದುಡ್ಡು ಕೊಟ್ಟು ಸೀಟು ಹಿಡಿದವರೂ ಆವತ್ತು ಇನ್ನೊಮ್ಮೆ ನೋಡಬೇಕು. ವಿಮಾನ ಬದಲಾದರೆ ಸೀಟು ಚೆಲ್ಲಾಪಿಲ್ಲಿಯಾಗುತ್ತದೆ, ಯಾರೂ ಫೋನ್ ಮಾಡಿ ಹೇಳುವುದಿಲ್ಲ. ಸೀಟಿನ ರಸೀದಿ ತೆಗೆದಿಡಿ, ದುಡ್ಡು ವಾಪಸ್ ಕೇಳಲು ಬೇಕಾಗುತ್ತದೆ. ಮೂರೂ ಜನ ಒಂದೇ ಪಿಎನ್‌ಆರ್‌ನಲ್ಲಿ ಇರಲಿ. 12 ವರ್ಷದವರೆಗಿನ ಮಕ್ಕಳಿಗೆ ಅದೇ ಪಿಎನ್‌ಆರ್‌ನಲ್ಲಿರುವ ಅಪ್ಪ ಅಮ್ಮನಲ್ಲಿ ಒಬ್ಬರ ಜೊತೆಗಾದರೂ ಸೀಟು ಕೊಡಬೇಕು ಅಂತ ನಮ್ಮ ದೇಶದ ವಿಮಾನಯಾನ ನಿಯಂತ್ರಣ ಇಲಾಖೆ ಡಿಜಿಸಿಎ 2024ರ ಏಪ್ರಿಲ್‌ನಲ್ಲಿ ನಮ್ಮ ವಿಮಾನ ಕಂಪನಿಗಳಿಗೆ ಹೇಳಿದೆ. ಬೇರೆ ಬೇರೆ ಪಿಎನ್‌ಆರ್ ಮಾಡಿಕೊಂಡರೆ ಆ ಮಾತು ಎತ್ತುವ ಹಾಗಿಲ್ಲ.

ಮಂಗಳೂರಿನಿಂದ ಹೊರಡುವವರಿಗೆ ಬಜ್ಪೆಯಿಂದ ಕೊಲ್ಲಿಗೆ ಹೋಗುವ ವಿಮಾನ ಸಣ್ಣದು, ಮೂರು-ಮೂರರ ಸಾಲು. ನಾಲ್ಕು ಗಂಟೆಯ ಆಸುಪಾಸಿನ ದಾರಿ, ಅದರಲ್ಲಿ ಸೀಟಿಗೆ ತಲೆ ಕೆಡಿಸಿಕೊಳ್ಳಬೇಡಿ. ತಲೆ ಕೆಡಿಸಿಕೊಳ್ಳಬೇಕಾದ್ದು ಬೆಂಗಳೂರಿಗೆ ಬೇರೆ ಟಿಕೆಟ್ ಮಾಡಿಕೊಂಡು ಹೋಗುವವರು. ಮಳೆಗಾಲದಲ್ಲಿ ಬಜ್ಪೆಯಲ್ಲಿ ಮೋಡ ಕವಿದರೆ ವಿಮಾನ ಇಳಿಯುವುದೇ ಇಲ್ಲ, ಶಿರಾಡಿ ಘಾಟಿಯ ಕಥೆ ನಿಮಗೇ ಗೊತ್ತು. ಅಲ್ಲಿ ತಡವಾದರೆ ದೊಡ್ಡ ಫ್ಲೈಟಿನವರು ಕಾಯುವುದಿಲ್ಲ. ಹಿಂದಿನ ದಿನವೇ ಹೋಗಿ. ಪಂಚಗಂಗಾ ರೈಲಿನಲ್ಲಿ ಮಗು ಮಲಗಿಕೊಂಡೇ ಬೆಂಗಳೂರು ಮುಟ್ಟುತ್ತದೆ.

ಆ ಚಿಕಾಗೊದವರ ಕಥೆ ಅರ್ಧಕ್ಕೇ ಬಿಟ್ಟೆ ಅಲ್ವಾ? ದರ ಕೂಡಿ ಕಳೆದು ನೋಡಿ, ಬೆಂಗಳೂರು-ದುಬೈಗೆ ಮಡಿಲು, ದುಬೈ-ಚಿಕಾಗೊಗೆ ಸೀಟು ಆಗುತ್ತದಾ ಅಂತ ಗಂಡ ಕೇಳಿದರು. ಒಂದೇ ಟಿಕೆಟಿನಲ್ಲಿ ಹಾಗೆ ಅರ್ಧ ಅರ್ಧ ಮಾಡುವುದು ತಾಪತ್ರಯ, ಪೂರ್ತಿಗೆ ತೆಗೆಯಿರಿ ಅಂದೆ. ಅವರು ಲೆಕ್ಕ ಹಾಕುತ್ತಿರುವಾಗ ಅಜ್ಜಿಯೇ ಬ್ಯಾಗಿನಿಂದ ಸಣ್ಣ ಪರ್ಸ್ ತೆಗೆದರು. "ಇದು ನನ್ನ ಲೆಕ್ಕಕ್ಕೆ. ಮಗು ಮಲಗಿಕೊಂಡು ಹೋಗಲಿ." ಸಾಲು 38, ಎಚ್, ಜೆ, ಕೆ. ಕಿಟಕಿ ಕೆ.

"ಐ ಯಾಕಿಲ್ಲ ಅಕ್ಕ?" ಅಂತ ಮಗುವಿನ ತಾಯಿ ಕೇಳಿದಳು. ಒಂದರ ಹಾಗೆ ಕಾಣುತ್ತದೆ ಅಂತ ಬಿಟ್ಟಿದ್ದಾರೆ ಅಂದೆ. ಹೋಗುವಾಗ ಅಜ್ಜಿಗೆ ಇನ್ನೊಂದು ವಿಷಯ ಹೇಳಿದೆ, ಅವರೇ ನೆನಪಿಟ್ಟು ಹೇಳುವವರು ಅಂತ: ಮಗು ಮಲಗಿದ ಮೇಲೆ ಹೊದಿಕೆಯ ಒಳಗೆ ಬೆಲ್ಟ್ ಹಾಕಬೇಡಿ, ಹೊದಿಕೆಯ ಮೇಲೆ ಹಾಕಿ. ಒಳಗಿದ್ದರೆ ಬೆಲ್ಟ್ ಉಂಟಾ ಅಂತ ನೋಡಲು ಗಗನಸಖಿ ಬಂದು ಹೊದಿಕೆ ಎತ್ತುತ್ತಾಳೆ, ಮಗು ಏಳುತ್ತದೆ.